ಚಾರಣದ ಚೀಲಕ್ಕೆ ಎಷ್ಟು ಖರ್ಚು ಮಾಡಬೇಕು?

ಕುಕ್ಕೆಯಿಂದ ಕುಮಾರಪರ್ವತದ ತುದಿ ಮುಟ್ಟಲು 1,500 ಮೀಟರಿಗೂ ಹೆಚ್ಚು ಏರಬೇಕು. ದಾರಿಯಲ್ಲಿ ಸಿಗುವ ಗಿರಿಗದ್ದೆ ದಾಟಿದರೆ ನೆರಳಿಲ್ಲದ ಹುಲ್ಲಿನ ಏರು. ಬೆನ್ನ ಮೇಲಿನ ಒಂದೊಂದು ಕಿಲೋವೂ ಅಲ್ಲಿ ಮಂಡಿಗೆ ಗೊತ್ತಾಗುತ್ತದೆ. ಹಾಗಾಗಿ ಹೊಸದಾಗಿ ಚಾರಣಕ್ಕಿಳಿಯುವವರು ಕೇಳುವ ಪ್ರಶ್ನೆ ನ್ಯಾಯವಾದದ್ದೇ. ಹಗುರವಾದ ಒಳ್ಳೆಯ ಸಾಮಾನನ್ನು ದುಡ್ಡು ಹಾಕಿ ಒಂದೇ ಸಲ ಕೊಂಡುಬಿಡಬೇಕೇ, ಮನೆಯಲ್ಲಿರುವುದರಲ್ಲೇ ಹೊಂದಿಸಿಕೊಳ್ಳಬೇಕೇ?

ಕೊಳ್ಳಬೇಕೆನ್ನುವವರ ಬಲವಾದ ವಾದ ಸುಖದ್ದಲ್ಲ, ಸುರಕ್ಷತೆಯದ್ದು. ಹತ್ತಿಯ ಬನಿಯನ್ನು ಬೆವರು ಹೀರಿ ಒದ್ದೆಯಾಗಿಯೇ ಮೈಗಂಟುತ್ತದೆ. ಶಿಖರದ ಗಾಳಿಗೆ ಮೈಶಾಖ ಇಳಿಯುತ್ತದೆ. ಮಲೆನಾಡಿನಲ್ಲಿ ಇದು ಬರೀ ನಡುಕ, ಹಿಮಾಲಯದ ನಾಲ್ಕು ಸಾವಿರ ಮೀಟರಿನಲ್ಲಿ ಪ್ರಾಣಕ್ಕೇ ಕುತ್ತಾಗಬಹುದು. ಪಾಲಿಯೆಸ್ಟರ್ ಅಂಗಿ ಬೇಗ ಒಣಗುತ್ತದೆ. ಹೊರೆ ಕಡಿಮೆಯಿದ್ದಷ್ಟೂ ಇಳಿಜಾರಿನಲ್ಲಿ ದಣಿದ ಕಾಲು ಜಾರುವ ಸಂಭವವೂ ಕಡಿಮೆ. ಅಗ್ಗದ ಶೂವಿನ ಅಟ್ಟೆ ಅರ್ಧದಾರಿಯಲ್ಲಿ ಕಿತ್ತುಬಂದರೆ ಉಳಿಸಿದ ಹಣ ಉಳಿತಾಯವೇ ಅಲ್ಲ. ತೆಳು ಪ್ಲಾಸ್ಟಿಕ್ಕಿನ ಮಳೆಕೋಟು ಮೊದಲ ಮುಳ್ಳಿಗೇ ಹರಿದು, ಎಷ್ಟೋ ಸಲ ಕಾಡಿನಲ್ಲೇ ಕಸವಾಗಿ ಉಳಿಯುತ್ತದೆ. ಇದು ನನಗೆ ತೀರ ನೋವಿನ ಸಂಗತಿ.

ಇನ್ನೊಂದು ಪಕ್ಷದ ವಾದವನ್ನೂ ಹಗುರವಾಗಿ ತಳ್ಳಿಹಾಕುವಂತಿಲ್ಲ. 1955ರಲ್ಲಿ ಅಮೆರಿಕದ ಎಮ್ಮಾ ಗೇಟ್‌ವುಡ್ ಎಂಬ 67 ವರ್ಷದ ಅಜ್ಜಿ, ಮೂರು ಸಾವಿರ ಕಿಲೋಮೀಟರಿಗೂ ಉದ್ದದ ಅಪಲಾಚಿಯನ್ ಹಾದಿಯನ್ನು ಒಬ್ಬಳೇ ನಡೆದು ಮುಗಿಸಿದಳು. ಕಾಲಿಗೆ ಕ್ಯಾನ್ವಾಸ್ ಶೂ, ಹೆಗಲಿಗೆ ತಾನೇ ಹೊಲಿದ ಚೀಲ, ಮಳೆಗೆ ಸ್ನಾನದ ಮನೆಯ ಪ್ಲಾಸ್ಟಿಕ್ ಪರದೆ. ಬೆಟ್ಟದ ಬಾಗಿಲು ಹಣವಂತರಿಗೆ ಮಾತ್ರ ತೆರೆಯಬಾರದೆನ್ನುವ ಕಾಳಜಿಯೂ ಈ ಪಕ್ಷಕ್ಕಿದೆ. ಇಪ್ಪತ್ತು ಸಾವಿರದ ಪಟ್ಟಿ ಕಂಡು ಕಾಲೇಜು ಹುಡುಗಿಯೊಬ್ಬಳು ಹಿಂದೆ ಸರಿದರೆ ನಷ್ಟ ಅವಳೊಬ್ಬಳದ್ದೇ ಅಲ್ಲ.

ಆದರೆ ಆ ಉದಾಹರಣೆಗೂ ಮಿತಿಯುಂಟು. ಗೇಟ್‌ವುಡ್ ಹೊಲದ ದುಡಿಮೆಯಲ್ಲಿ ಗಟ್ಟಿಯಾದ ಜೀವ. ದಾರಿಯಲ್ಲಿ ಅಪರಿಚಿತರ ಮನೆಗಳಲ್ಲಿ ಊಟ, ಆಸರೆ ಪಡೆದದ್ದೂ ಉಂಟು. ಹಿಂದಿನ ವರ್ಷದ ಪ್ರಯತ್ನದಲ್ಲಿ ದಾರಿ ತಪ್ಪಿ, ಕನ್ನಡಕ ಮುರಿದು ಮರಳಬೇಕಾಗಿತ್ತು. ಮನೆಯಲ್ಲಿರುವ ಸಾಮಾನಿಗೂ ಮಿತಿಯುಂಟು. ನಮ್ಮ ಕರಿಕಂಬಳಿಯನ್ನೇ ನೋಡಿ: ನೆನೆದರೂ ಒಂದಿಷ್ಟು ಬೆಚ್ಚಗಿಡುತ್ತದೆ, ಆದರೆ ನೀರು ಕುಡಿದ ಕಂಬಳಿಯನ್ನು ಹೊತ್ತು ಏರುವುದು ಎಲ್ಲರಿಂದಾಗದು.

ಹಗುರ ಎಂದರೆ ದುಬಾರಿ ಎಂಬ ನಂಬಿಕೆಯನ್ನು ಎರಡೂ ಪಕ್ಷದವರು ಪರೀಕ್ಷಿಸದೆ ಒಪ್ಪಿಕೊಂಡಂತೆ ಕಾಣುತ್ತದೆ. 1990ರ ದಶಕದಲ್ಲಿ ಹಗುರ ಚಾರಣವನ್ನು ಜನಪ್ರಿಯಗೊಳಿಸಿದ ರೇ ಜಾರ್ಡೀನ್ ಚೀಲ, ಹೊದಿಕೆಗಳನ್ನು ಸ್ವತಃ ಹೊಲಿದುಕೊಂಡವನು. ಖಾಲಿಯಾದ ಒಂದು ಲೀಟರಿನ ನೀರಿನ ಬಾಟಲಿ ಮೂವತ್ತು ಗ್ರಾಮಿನ ಆಸುಪಾಸು ತೂಗುತ್ತದೆ. ಅದೇ ಅಳತೆಯ ಸ್ಟೀಲ್ ಬಾಟಲಿ ಅದರ ಎಷ್ಟೋ ಪಟ್ಟು. ತೆಳ್ಳನೆಯ ಬೈರಾಸು ದಪ್ಪ ಟವೆಲ್ಲಿಗಿಂತ ಹಗುರ, ಬೇಗ ಒಣಗುತ್ತದೆ. ಮೂರನೆಯ ಜೊತೆ ಬಟ್ಟೆಯನ್ನು ಮನೆಯಲ್ಲೇ ಬಿಡಲು ಬಿಡಿಗಾಸೂ ಬೇಡ.

ಮಲಗುಚೀಲದ ವಿಷಯದಲ್ಲಿ ಮಾತ್ರ ಈ ಜಾಣ್ಮೆ ಸಾಲದು. ಹಕ್ಕಿಪುಕ್ಕ ತುಂಬಿದ ಚೀಲ ತೂಕದ ಲೆಕ್ಕದಲ್ಲಿ ಅತ್ಯಂತ ಬೆಚ್ಚಗಿನದು, ಬೆಲೆಯೂ ಹಾಗೆಯೇ. ಆದರೆ ಒದ್ದೆಯಾದರೆ ಪುಕ್ಕ ಮುದ್ದೆಗಟ್ಟಿ ಶಾಖ ಹಿಡಿಯುವ ಗುಣವನ್ನೇ ಬಹುಮಟ್ಟಿಗೆ ಕಳೆದುಕೊಳ್ಳುತ್ತದೆ. ಪಶ್ಚಿಮಘಟ್ಟದ ತೇವದಲ್ಲಿ ಕೃತಕ ನಾರಿನ, ತುಸು ಭಾರದ, ಅಗ್ಗದ ಚೀಲವೇ ಹೆಚ್ಚು ನಂಬಿಕಸ್ಥ. ಹಿಮಾಲಯದ ಒಣ ಚಳಿಯಲ್ಲಿ ಲೆಕ್ಕ ತಿರುಗಬಹುದು.

ಇಷ್ಟನ್ನು ತೂಗಿದರೆ ನನ್ನ ಮನಸ್ಸು, ಕೊಂಚ ಹಿಂಜರಿಕೆಯಿಂದಲೇ, ನಡುದಾರಿಯತ್ತ ವಾಲುತ್ತದೆ. ಕಾಲಿಗೆ ಹೊಂದುವ ಶೂ, ಬೇಗ ಒಣಗುವ ಒಂದು ಜೊತೆ ಬಟ್ಟೆ, ಗಟ್ಟಿಯಾದ ಮಳೆಕೋಟು: ಇವಕ್ಕೆ ಕೈಬಿಚ್ಚಿ ಖರ್ಚು ಮಾಡುವುದು ಮೇಲು. ಟೆಂಟು, ಮಲಗುಚೀಲ, ದಪ್ಪ ಜಾಕೆಟ್ಟುಗಳನ್ನು ಮೊದಲೆರಡು ಸಲ ಬಾಡಿಗೆಗೆ ತರಬಹುದು. ಬೆನ್ನಚೀಲವನ್ನು ಮಾತ್ರ ಕೊನೆಗೆ ಕೊಳ್ಳಿ. ಒಳಗೆ ಹೋಗುವುದೇನೆಂದು ತಿಳಿಯುವ ಮೊದಲೇ ಅರವತ್ತು ಲೀಟರಿನದನ್ನು ತಂದರೆ, ಅದನ್ನು ತುಂಬಿಸಲು ಏನಾದರೊಂದು ಸಿಕ್ಕೇ ಸಿಗುತ್ತದೆ.