ಸಿ.ಎಫ್.ಎ. ಪರೀಕ್ಷೆಗೆ ಯಾವ ಕ್ಯಾಲ್ಕ್ಯುಲೇಟರ್?

ತಾಯಿಯೊಬ್ಬರು ಕೇಳಿದ್ದಾರೆ: "ಬಿ.ಕಾಂ. ಮುಗಿಸಿದ ಮಗಳು ಸಿ.ಎಫ್.ಎ. ಮೊದಲ ಹಂತದ ಪರೀಕ್ಷೆಗೆ ಓದುತ್ತಿದ್ದಾಳೆ. ಶುಲ್ಕ ಹೊಂದಿಸುವಷ್ಟರಲ್ಲೇ ಸಾಕುಸಾಕಾಯಿತು. ಈಗ ಬೇರೆಯೇ ಕ್ಯಾಲ್ಕ್ಯುಲೇಟರ್ ಬೇಕಂತೆ. ಇಂಜಿನಿಯರಿಂಗ್ ಓದಿದ ಅವಳ ಅಣ್ಣನ ಸೈಂಟಿಫಿಕ್ ಕ್ಯಾಲ್ಕ್ಯುಲೇಟರ್ ಮನೆಯಲ್ಲಿದೆ. ಅದು ಸಾಲದೇ?"

ಸಾಲದು, ಸಹೋದರಿ. ಈ ವಿಷಯದಲ್ಲಿ ಉಳಿತಾಯ ಮಾಡಲು ಹೋದರೆ ಕಟ್ಟಿದ ಶುಲ್ಕಕ್ಕೇ ಕುತ್ತು. ಈ ಪರೀಕ್ಷೆಗೆ ಎರಡೇ ಬಗೆಯ ಕ್ಯಾಲ್ಕ್ಯುಲೇಟರ್‌ಗಳಿಗೆ ಅನುಮತಿಯಿದೆ. ಒಂದು, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಬಿಎ 2 ಪ್ಲಸ್ (ಅದರ ಪ್ರೊಫೆಶನಲ್ ಮಾದರಿಯೂ ಸೇರಿ). ಇನ್ನೊಂದು, ಎಚ್‌ಪಿ 12ಸಿ (ಪ್ಲಾಟಿನಂ ಮಾದರಿಯೂ ಸೇರಿ). ಅಂಗಡಿಯವರು "ಇದೂ ಫೈನಾನ್ಷಿಯಲ್ ಕ್ಯಾಲ್ಕ್ಯುಲೇಟರೇ" ಎಂದು ಬೇರೊಂದನ್ನು ಕೊಟ್ಟರೆ ತೆಗೆದುಕೊಳ್ಳಬೇಡಿ. ಅನುಮತಿಯಿಲ್ಲದ್ದನ್ನು ಬಳಸಿದರೆ ಪರೀಕ್ಷೆಯೇ ರದ್ದಾಗಬಹುದು.

ಎರಡರಲ್ಲಿ ಯಾವುದು? 1981ರಲ್ಲಿ ಬಂದ 12ಸಿ ಗಟ್ಟಿಮುಟ್ಟಾದದ್ದು. ಆದರೆ ಅದರ ರೀತಿಯೇ ಬೇರೆ. 2ಕ್ಕೆ 3 ಕೂಡಿಸಲು 2, ಎಂಟರ್, 3, ಆಮೇಲೆ ಕೂಡಿಸುವ ಗುಂಡಿ. ರೂಢಿಯಾದವರಿಗೆ ಅದೇ ಸಲೀಸು. ಹೊಸದಾಗಿ ಕಲಿಯುವ ಮಗಳಿಗೆ ಬಿಎ 2 ಪ್ಲಸ್ ಸುಲಭ. ನಾವು ಶಾಲೆಯಲ್ಲಿ ಕಲಿತ ರೀತಿಯಲ್ಲೇ ಲೆಕ್ಕ ಒತ್ತಬಹುದು. ಪರೀಕ್ಷೆ ಬರೆದು ಮುಗಿಸಿದ ಗೆಳತಿಯರಿದ್ದರೆ ಅವರ ಹಳೆಯದನ್ನೇ ಕೇಳಿ ಪಡೆಯಿರಿ. ಅದರಲ್ಲಿ ಸಂಕೋಚ ಬೇಡ.

ಆದರೆ ಕೈಗೆ ಬಂದ ದಿನವೇ ಮೂರು ವಿಷಯ ಪರೀಕ್ಷಿಸಲಿ.

ಒಂದು, ಪಿ/ವೈ, ಅಂದರೆ ವರ್ಷಕ್ಕೆ ಎಷ್ಟು ಕಂತು ಎಂಬ ಸಂಖ್ಯೆ. ಹಳೆಯ ಯಂತ್ರಗಳಲ್ಲಿ ಇದು 12 ಇರುವುದುಂಟು. ಅದನ್ನು 1 ಮಾಡಿಕೊಳ್ಳಬೇಕು. ವರ್ಷಕ್ಕೆ ಶೇ. 8ರಂತೆ ಬೆಳೆಯುವ ಒಂದು ಲಕ್ಷ ರೂಪಾಯಿ 10 ವರ್ಷಗಳಲ್ಲಿ 2,15,892 ರೂಪಾಯಿ ಆಗಬೇಕು. 12 ಇದ್ದಾಗ ಇದೇ ಅಂಕಿಗಳನ್ನು ಒತ್ತಿದರೆ ಸುಮಾರು 1,06,870 ಎಂದು ತೋರಿಸುತ್ತದೆ! ಯಂತ್ರ ಅದನ್ನು 10 ತಿಂಗಳೆಂದು ತಿಳಿಯುತ್ತದೆ.

ಎರಡು, ಲೆಕ್ಕದ ಕ್ರಮ. 2 + 3 × 4 ಒತ್ತಿ ನೋಡಲಿ. 20 ಬಂದರೆ ಸಿಎಚ್‌ಎನ್ ಕ್ರಮದಲ್ಲಿದೆ ಎಂದರ್ಥ. ಎಒಎಸ್‌ಗೆ ಬದಲಿಸಿದರೆ ಸರಿಯುತ್ತರ 14 ಬರುತ್ತದೆ.

ಮೂರು, ಹಿಂದಿನ ಲೆಕ್ಕ ಅಳಿಸುವುದು. ಸಿಇ/ಸಿ ಗುಂಡಿ ಒತ್ತಿದರೆ ಪರದೆ ಮಾತ್ರ ಖಾಲಿಯಾಗುತ್ತದೆ. ಅವಧಿ, ದರ, ಮೊತ್ತಗಳು ಒಳಗೇ ಉಳಿದು ಮುಂದಿನ ಉತ್ತರವನ್ನು ಕೆಡಿಸುತ್ತವೆ. ಸೆಕೆಂಡ್ ಗುಂಡಿ ಒತ್ತಿ ಟಿವಿಎಂ ಅಳಿಸುವುದು ಅಭ್ಯಾಸವಾಗಬೇಕು.

ಮೊದಲ ಹಂತದಲ್ಲಿ 180 ಪ್ರಶ್ನೆಗಳು, ನಾಲ್ಕೂವರೆ ಗಂಟೆ. ಅಂದರೆ ಒಂದು ಪ್ರಶ್ನೆಗೆ 90 ಸೆಕೆಂಡು. ಅಲ್ಲಿ ಗುಂಡಿ ಹುಡುಕುತ್ತಾ ಕೂರಲು ಬಿಡುವಿಲ್ಲ. ಆದ್ದರಿಂದ ಕ್ಯಾಲ್ಕ್ಯುಲೇಟರನ್ನು ಪುಸ್ತಕದ ಜೊತೆಗೇ ಕೊಳ್ಳಬೇಕು, ಹಾಲ್ ಟಿಕೆಟ್ ಜೊತೆಗಲ್ಲ. ಮೊದಲ ಪಾಠದಿಂದಲೇ ಎಲ್ಲ ಲೆಕ್ಕವೂ ಅದರಲ್ಲೇ ಆಗಲಿ, ಮೊಬೈಲು ದೂರವಿರಲಿ. ಪರೀಕ್ಷೆಗೆ ಮುನ್ನ ಹೊಸ ಬ್ಯಾಟರಿ ಹಾಕಿಸಿ.

ಅಣ್ಣನಿಗೆ ಬೇಕಾದ್ದನ್ನು ಅಂದು ಕೊಡಿಸಿದಿರಿ. ಈಗ ತಂಗಿಯ ಸರದಿ. ಅವಳಿಗೆ ಬೇಕಾದ್ದನ್ನೇ ಕೊಡಿಸಿ, ತಡಮಾಡದೆ ಕೊಡಿಸಿ.