ಎಲ್ಲಾ ಒಂದೇ ಕಬ್ಬಿಣ ಸಾರ್!

ಮೊನ್ನೆ ಗೌರಿ ಹಬ್ಬಕ್ಕೆ ಊರಿಗೆ ಹೋಗಿದ್ದೆ. ಕೊರಟಗೆರೆ ಹತ್ತಿರದ ಹಳ್ಳಿ ನಮ್ಮದು. ಹಿತ್ತಲಿನ ನೀರಿನ ಟ್ಯಾಂಕಿನ ಸ್ಟ್ಯಾಂಡು ಒಂದು ಕಡೆಗೆ ವಾಲಿಕೊಂಡಿತ್ತು. ಸಾವಿರ ಲೀಟರಿನ ಟ್ಯಾಂಕು, ಅಂದರೆ ತುಂಬಿದಾಗ ಒಂದು ಟನ್. ಅದರ ಬುಡದಲ್ಲೇ ಅಮ್ಮ ದಿನಾ ಪಾತ್ರೆ ತೊಳೆಯೋದು... ಮೊದಲು ಟ್ಯಾಂಕ್ ಖಾಲಿ ಮಾಡಿಸಿ, ಆಮೇಲೆ ಹೋಳಿಗೆಗೆ ಕೂತೆ.

ಸ್ಟ್ಯಾಂಡ್ ಮಾಡಿಸಿ ಆರು ವರ್ಷವೂ ಆಗಿಲ್ಲ. 50 ಎಂ.ಎಂ. ಆ್ಯಂಗಲ್, 5 ಎಂ.ಎಂ. ದಪ್ಪ ಅಂತ ಮಾತಾಗಿತ್ತು. ತುಕ್ಕು ಹಿಡಿಯದ ಜಾಗದಲ್ಲಿ ವರ್ನಿಯರ್ ಹಿಡಿದು ನೋಡಿದರೆ 3 ಎಂ.ಎಂ.! ಮಾಡಿಕೊಟ್ಟವನಿಗೆ ಫೋನ್ ಮಾಡಿದೆ. "ಎಲ್ಲಾ ಒಂದೇ ಕಬ್ಬಿಣ ಸಾರ್, ನೀರು ಬಿದ್ರೆ ತುಕ್ಕು ಹಿಡಿಯುತ್ತೆ" ಅಂದ.

ನಾನು ಓದಿದ್ದು ಮೆಕ್ಯಾನಿಕಲ್, ಹೊಟ್ಟೆಪಾಡಿಗೆ ಬರೆಯೋದು ಜಾವಾ :) ಆದರೂ ಆ ಮಾತು ಚುಚ್ಚಿತು.

ಎಲ್ಲಾ ಒಂದೇ ಅಲ್ಲ ಸ್ವಾಮಿ. ನಾವು ಕಬ್ಬಿಣ ಅಂತ ಕರೆಯೋ ಕಿಟಕಿ ಗ್ರಿಲ್ಲು, ಗೇಟು, ಆ್ಯಂಗಲ್ಲು ಎಲ್ಲ ಮೈಲ್ಡ್ ಸ್ಟೀಲ್. ಇಂಗಾಲ ಸುಮಾರು ಕಾಲು ಪರ್ಸೆಂಟಿನೊಳಗೆ ಇರುತ್ತೆ. ಅದಕ್ಕೇ ಬಾಗಿಸಿದರೆ ಮುರಿಯಲ್ಲ, ವೆಲ್ಡಿಂಗ್ ಚೆನ್ನಾಗಿ ಕೂರುತ್ತೆ, ಕಾಯಿಸಿ ನೀರಿಗದ್ದಿದರೂ ಹೆಚ್ಚೇನೂ ಗಟ್ಟಿಯಾಗಲ್ಲ. ಐಎಸ್ 2062 ಅನ್ನೋ ಭಾರತೀಯ ಮಾನಕದಲ್ಲಿ ಇದರ ಸಾಮಾನ್ಯ ಗ್ರೇಡು ಇ250. ಆ 250 ಅಂದರೆ ಮೆಗಾಪ್ಯಾಸ್ಕಲ್. ನಮ್ಮ ಭಾಷೆಯಲ್ಲಿ, ಒಂದು ಚದರ ಎಂ.ಎಂ. ಉಕ್ಕು ಸುಮಾರು 25 ಕೆ.ಜಿ. ಎಳೆತ ತಡೆದುಕೊಂಡು, ಬಿಟ್ಟ ಮೇಲೆ ಮತ್ತೆ ಮೊದಲಿನಂತಾಗಬೇಕು. ಹರಿಯೋಕೆ ಸುಮಾರು 41 ಕೆ.ಜಿ. ಬೇಕು. ಇದೇ ಮಾನಕದಲ್ಲಿ ಇ650ರವರೆಗೂ ಗ್ರೇಡುಗಳಿವೆ.

ಆದರೆ ನಮ್ಮ ಸ್ಟ್ಯಾಂಡಿನ ಕಾಲನ್ನು ಇ650 ಕೂಡ ಉಳಿಸುತ್ತಿರಲಿಲ್ಲವೇನೋ. ಗ್ರೇಡ್ ಯಾವುದಾದರೂ ಉಕ್ಕಿನ ಬಿಗುವು ಹೆಚ್ಚುಕಮ್ಮಿ ಒಂದೇ, ಸುಮಾರು 200 ಗಿಗಾಪ್ಯಾಸ್ಕಲ್. ತೆಳ್ಳಗಿನ ಕಾಲು ಬಾಗೋದನ್ನು ತಡೆಯೋದು ದಪ್ಪ ಮತ್ತು ಆಕಾರ. ಮೇಲೆ ತುಕ್ಕಿನ ಲೆಕ್ಕ ಬೇರೆ. 1 ಎಂ.ಎಂ. ತುಕ್ಕು ತಿಂದರೆ 5ರಲ್ಲಿ ಐದನೇ ಒಂದು ಭಾಗ ಹೋಗುತ್ತೆ, 3ರಲ್ಲಿ ಮೂರನೇ ಒಂದು ಭಾಗ.

ಇದೆಲ್ಲ ಓದಿದವರ ಕಥೆ ಅಂದುಕೋಬೇಡಿ. ಒಂದ್ಸಲ ಸಿರಾ ಹೈವೇ ಬದಿಯ ಕುಲುಮೆಗೆ ಮಚ್ಚು ಮಾಡಿಸೋಕೆ ಹೋಗಿದ್ದೆ. ಅಲ್ಲಿದ್ದ ಅಜ್ಜ ನಾನು ಕೊಟ್ಟ ಪಟ್ಟಿಯನ್ನ ಗ್ರೈಂಡರಿಗೆ ಹಿಡಿದು, ಕಿಡಿ ನೋಡಿ, "ಇದು ಗ್ರಿಲ್ಲಿಂದು, ಬಾಯಿ ನಿಲ್ಲಲ್ಲ" ಅಂತ ಎಸೆದ. ಲಾರಿಯ ಸ್ಪ್ರಿಂಗ್ ಪಟ್ಟಿಯಲ್ಲಿ ಮಾಡಿಕೊಟ್ಟ. ಇಂಗಾಲ ಜಾಸ್ತಿ ಇದ್ದರೆ ಕಿಡಿ ಹೂವಿನ ಹಾಗೆ ಸಿಡಿಯುತ್ತೆ. ಅವನಿಗೆ ಎಲ್ಲಾ ಒಂದೇ ಕಬ್ಬಿಣ ಆಗಿರಲಿಲ್ಲ.

1800ರಲ್ಲಿ ಫ್ರಾನ್ಸಿಸ್ ಬುಕಾನನ್ ನಮ್ಮ ಸೀಮೆ ಹಾದು ಹೋದಾಗ ಮಧುಗಿರಿ, ಚನ್ನರಾಯನದುರ್ಗದ ಕಡೆ ಕಬ್ಬಿಣ ಕರಗಿಸುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಮಳೆಗಾಲದಲ್ಲಿ ಬೆಟ್ಟದಿಂದ ಹಳ್ಳಕ್ಕೆ ಇಳಿದು ಬರುವ ಕಪ್ಪು ಮರಳೇ ಅದಿರು! ಆ ಕಬ್ಬಿಣವನ್ನು ತಂಗಡಿ ಕಟ್ಟಿಗೆ, ಹಸಿ ಎಲೆಗಳ ಜೊತೆ ಮಣ್ಣಿನ ಮೂಸೆಯಲ್ಲಿ ಮುಚ್ಚಿ ಕಾಯಿಸಿ ಉಕ್ಕು ಮಾಡುತ್ತಿದ್ದರು. ಕಬ್ಬಿಣ ಬೇರೆ, ಉಕ್ಕು ಬೇರೆ ಅಂತ ನಮ್ಮವರಿಗೆ ಇನ್ನೂರು ವರ್ಷದ ಹಿಂದೆಯೇ ಗೊತ್ತಿತ್ತು. ಈಗ ಮರೆತಿರೋದು ನಾವು, ಕೊಳ್ಳೋರು.

ಪಾವಗಡದ ತಿರುಮಣಿ ಕಡೆ 2050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆಯಲ್ಲ, ಅಂಥ ಯೋಜನೆಗಳಲ್ಲಿ ಸಾಮಾನ್ಯವಾಗಿ ಟೆಸ್ಟ್ ಸರ್ಟಿಫಿಕೇಟ್ ನೋಡದೆ ಉಕ್ಕು ಒಳಗೆ ಬಿಡಲ್ಲ. ಅದೇ ತಾಲೂಕಿನ ರೈತ ಟ್ಯಾಂಕ್ ಸ್ಟ್ಯಾಂಡಿಗೆ ಕೇಳೋದು "ಒಟ್ಟು ಎಷ್ಟಾಗುತ್ತೆ?" ಅಂತ ಮಾತ್ರ. ಒಟ್ಟು ರೇಟಿಗೆ ಒಪ್ಪಿಕೊಂಡ ಮೇಲೆ ದಪ್ಪ ಕದಿಯೋದು ಸುಲಭ. ನಮ್ಮಪ್ಪನೂ ಹಾಗೇ ಒಪ್ಪಿಕೊಂಡಿದ್ದು.

ನನ್ನ ಪ್ರಕಾರ ಮಾಡಬೇಕಾದ್ದು ಬಹಳ ಇಲ್ಲ. ಗ್ರೇಡು, ದಪ್ಪ ಎರಡನ್ನೂ ಬಿಲ್ಲಿನಲ್ಲಿ ಬರೆಸಿ. ವರ್ನಿಯರ್ ಇಲ್ಲದಿದ್ದರೆ ತಕ್ಕಡಿ ಸಾಕು. 50-50-5ರ ಆರು ಮೀಟರ್ ಆ್ಯಂಗಲ್ ಹತ್ತಿರಹತ್ತಿರ 23 ಕೆ.ಜಿ. ತೂಗಬೇಕು, 3 ಎಂ.ಎಂ.ದಾದರೆ 14ನ್ನೂ ಮುಟ್ಟಲ್ಲ.

ಹೊಸ ಸ್ಟ್ಯಾಂಡಿಗೆ ಮಧುಗಿರಿಯಲ್ಲಿ ಹಾಗೇ ತೂಗಿಸಿದೆ. ಅಂಗಡಿಯವನು "ಯಾವ ಫ್ಯಾಕ್ಟರಿ ಕಟ್ತಿದೀರಾ ಸಾರ್?" ಅಂತ ನಕ್ಕ. ನಗಲಿ ಬಿಡಿ, ತೂಕ ಸರಿಯಾಗಿತ್ತು. ರೆಡ್ ಆಕ್ಸೈಡ್ ಬಳಿಯೋಕೆ ಈ ಭಾನುವಾರ ಮತ್ತೆ ಊರಿಗೆ ಹೋಗಬೇಕು. ಅಂದಹಾಗೆ, ನಿಮ್ಮ ಮನೆ ಟ್ಯಾಂಕಿನ ಸ್ಟ್ಯಾಂಡು ಎಷ್ಟು ಎಂ.ಎಂ.?