ಕಾಣದ ನೆರೆಯವರು

ಹೋದ ವರ್ಷ ಬೆಳಗಿನ ಪ್ರಾರ್ಥನಾಕೂಟದಲ್ಲಿ ಎಂಟನೆಯ ತರಗತಿಯ ಬಾಲಿಕೆಯೊಬ್ಬಳು, ಅಸ್ವಸ್ಥಳಾಗಿರುವ ತನ್ನ ಗೆಳತಿಗೋಸ್ಕರ ಪ್ರಾರ್ಥಿಸಬೇಕೆಂದು ಬಿನ್ನವಿಸಿದಳು. ಯಾವ ತರಗತಿಯವಳೆಂದು ನಾನು ಕೇಳಲು, ಆನ್‌ಲೈನ್ ಆಟವೊಂದರಲ್ಲಿ ಪರಿಚಯವಾದವಳೆಂದೂ ಅವಳ ಊರು ತನಗೆ ತಿಳಿಯದೆಂದೂ ಹೇಳಿದಳು. ಹುಡುಗಿಯರು ನಕ್ಕರು. ಮುಖವನ್ನೇ ಕಾಣದವಳು ಗೆಳತಿಯಾಗಲಾರಳೆಂದು ನಾನು ಗದರಿಸಿ ಕೂರಿಸಿದೆನು. ಆ ಮಾತನ್ನು ಈ ಸಂಚಿಕೆಯಲ್ಲಿ ಹಿಂತೆಗೆದುಕೊಳ್ಳಬೇಕೆಂದಿದ್ದೇನೆ. ಆದರೆ ಪೂರ್ಣವಾಗಿ ಅಲ್ಲ.

ಇಂಥ ಆಟಗಳು ಸಿನೆಮಾದಂತೆ ಬರಿಯ ಕಾಲಹರಣವೆಂದು ನಮ್ಮ ಹಿರಿಯರಲ್ಲಿ ಅನೇಕರು ಎಣಿಸಿರುವರು. ಸಿನೆಮಾದಲ್ಲಿ ನಾವು ಕತ್ತಲೆಯಲ್ಲಿ ಕುಳಿತು ನೋಡುವವರು ಮಾತ್ರ. ಇಲ್ಲಿಯೋ ಪ್ರತಿಯೊಬ್ಬರೂ ಒಂದು ಚಿತ್ರರೂಪವನ್ನು ಧರಿಸಿ, ಪರದೆಯೊಳಗಿನ ಬೀದಿಗಳಲ್ಲಿ ನಡೆದಾಡಿ, ದೂರದೇಶದವರೊಡನೆ ಸಂಭಾಷಿಸುವರು. (ಆ ರೂಪಕ್ಕೆ ‘ಅವತಾರ’ವೆಂಬ ನಮ್ಮ ದೇಶದ ದೊಡ್ಡ ಶಬ್ದವನ್ನೇ ಎತ್ತಿಕೊಂಡಿರುವದು ನನಗಂತೂ ಕೊಂಚ ಅತಿಯೆನಿಸುತ್ತದೆ.) 1986ರಲ್ಲಿ ಅಮೇರಿಕದ ಲೂಕಸ್‌ಫಿಲ್ಮ್ ಸಂಸ್ಥೆಯವರು ‘ಹ್ಯಾಬಿಟ್ಯಾಟ್’ ಎಂಬ ಇಂಥ ಊರೊಂದನ್ನು ಟೆಲಿಫೋನ್ ತಂತಿಯ ಮೂಲಕ ಪ್ರಯೋಗಾರ್ಥವಾಗಿ ತೆರೆದರು. ಅಲ್ಲಿ ಕಳ್ಳರು ಹುಟ್ಟಿದರು, ವಾರ್ತಾಪತ್ರಿಕೆ ಹುಟ್ಟಿತು, ಶೆರೀಫನ ಚುನಾವಣೆ ನಡೆಯಿತು. ಗ್ರೀಕ್ ಆರ್ಥೊಡಾಕ್ಸ್ ಬೋಧಕರೊಬ್ಬರು ದೇವಾಲಯವನ್ನೇ ಸ್ಥಾಪಿಸಿ, ಸೇರಿದವರು ಆಯುಧ ಹಿಡಿಯಬಾರದು, ಕದಿಯಬಾರದು ಎಂದು ಕಟ್ಟಳೆ ಮಾಡಿದರು. 2004ರಲ್ಲಿ ಬ್ರಿಟನ್ನಿನ ಮೆಥೊಡಿಸ್ಟ್ ಸಭೆಯ ಸಹಾಯದಿಂದ ‘ಚರ್ಚ್ ಆಫ್ ಫೂಲ್ಸ್’ ಎಂಬ ಆನ್‌ಲೈನ್ ದೇವಾಲಯವು ತೆರೆಯಲ್ಪಟ್ಟಾಗ ಲಂಡನ್ನಿನ ಬಿಷಪರೇ ಮೊದಲ ಪ್ರಸಂಗ ಮಾಡಿದರು. ಚಿತ್ರರೂಪಗಳು ಮೊಣಕಾಲೂರಿದವು, ಕೈಯೆತ್ತಿದವು. ಪುಂಡರೂ ಬಂದರು, ಅವರನ್ನು ಹೊರಗಟ್ಟಲು ಮೇಲ್ವಿಚಾರಕರು ಬೇಕಾದರು. ಮನುಷ್ಯರು ಎಲ್ಲಿ ಕೂಡಿದರೂ ತಮ್ಮ ಒಳ್ಳೆಯದನ್ನೂ ಕೆಟ್ಟದ್ದನ್ನೂ ಜೊತೆಗೇ ಒಯ್ಯುವರಷ್ಟೆ.

ನನ್ನ ಮನಸ್ಸನ್ನು ತಿರುಗಿಸಿದ್ದು ಇವು ಯಾವುವೂ ಅಲ್ಲ, ನಾರ್ವೆ ದೇಶದ ಮಾಟ್ಸ್ ಸ್ಟೇನ್ ಎಂಬ ಯುವಕನ ವೃತ್ತಾಂತವು. ಡುಶೆನ್ ಎಂಬ ಸ್ನಾಯುಕ್ಷಯ ರೋಗದಿಂದ ಗಾಲಿಕುರ್ಚಿಗೆ ಸೇರಿದ ಇವನು 2014ರಲ್ಲಿ, 25ನೆಯ ವಯಸ್ಸಿನಲ್ಲಿ ತೀರಿಕೊಂಡನು. ಮಗನು ಸ್ನೇಹಿತರಿಲ್ಲದೆ, ಯಾರಿಗೂ ಬೇಕಾಗದೆ ಬಾಳಿದನಲ್ಲಾ ಎಂದು ತಂದೆತಾಯಿಗಳು ಮರುಗುತ್ತಿದ್ದರು. ಅವನು ಅಂತರ್ಜಾಲದಲ್ಲಿ ಬರೆಯುತ್ತಿದ್ದ ಪುಟದಲ್ಲಿ ಮರಣದ ಸುದ್ದಿಯನ್ನು ಪ್ರಕಟಿಸಲು, ಯುರೋಪಿನ ನಾನಾ ದೇಶಗಳಿಂದ ಸಂತಾಪದ ಪತ್ರಗಳು ಒಂದರ ಮೇಲೊಂದು ಬಂದವು. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಟದಲ್ಲಿ ಇಬೆಲಿನ್ ಎಂಬ ಹೆಸರಿನಿಂದ ಅವನು ಸಾವಿರಾರು ಗಂಟೆಗಳನ್ನು ಕಳೆದಿದ್ದನು. ‘ಸ್ಟಾರ್‌ಲೈಟ್’ ಎಂಬ ಬಳಗದಲ್ಲಿ ಸೇರಿದ್ದನು. ಹಾಲೆಂಡಿನ ಬಾಲಿಕೆಯೊಬ್ಬಳ ಕಂಪ್ಯೂಟರನ್ನು ಹೆತ್ತವರು ಕಸಿದುಕೊಂಡಾಗ, ಅವಳ ಪರವಾಗಿ ಅವರಿಗೆ ಪತ್ರ ಬರೆದವನು ಈತನೇ. ಬಳಗದವರಲ್ಲಿ ಕೆಲವರು ಹೊರದೇಶಗಳಿಂದ ಪಯಣಿಸಿ ಬಂದು ಅವನ ಶವಸಂಸ್ಕಾರದಲ್ಲಿ ನಿಂತರು. 2024ರಲ್ಲಿ ಇದೆಲ್ಲವೂ ಚಲನಚಿತ್ರವಾಗಿ ಬಂದಿದೆ. ಹೆತ್ತವರಿಂದ ಕಂಪ್ಯೂಟರನ್ನು ಕಸಿಯಿರಿ ಎಂದು ಪೋಷಕರ ಸಭೆಗಳಲ್ಲಿ ಹೇಳುತ್ತ ಬಂದವಳು ನಾನು. ಆ ಪತ್ರವು ನನಗೇ ಬರೆದಂತೆ ತೋರಿತು.

ಇಷ್ಟಾದರೂ ನನ್ನ ಆಕ್ಷೇಪ ಉಳಿದಿದೆ. ಅಪರಿಚಿತ ವಯಸ್ಕನು ಬಾಲಿಕೆಯ ರೂಪದಲ್ಲಿಯೇ ಬಂದು ಮಾತಾಡಬಹುದೆಂಬ ಭಯವು ಸುಳ್ಳಲ್ಲ; ಈ ವಿಷಯದಲ್ಲಿ ತಾಯಂದಿರು ಕಟ್ಟುನಿಟ್ಟಾಗಿರತಕ್ಕದ್ದು. ಆ ಊರುಗಳಿಗೆ ಒಡೆಯರು ಬೇರೆ. ಹ್ಯಾಬಿಟ್ಯಾಟ್ 1988ರಲ್ಲಿ ಮುಚ್ಚಿಹೋಯಿತು. ಬೀದಿಗಳೂ ಇಲ್ಲ, ಮನೆಗಳೂ ಇಲ್ಲ. ಇವೆರಡಕ್ಕಿಂತಲೂ ನನ್ನನ್ನು ಕಾಡುವದು ಹಾಜರಿಯ ವಿಷಯ. ನಮ್ಮ ಶಾಲೆಯಲ್ಲಿ ಹುಡುಗಿಯೊಬ್ಬಳು ಮೂರು ದಿನ ಬಾರದಿದ್ದರೆ ನಾವು ಮನೆಗೆ ಹೇಳಿಕಳುಹಿಸುವೆವು. ಅಲ್ಲಿ ಒಬ್ಬಳು ಬಾರದೆಹೋದರೆ ಯಾರು ಯಾವ ಮನೆಯ ಬಾಗಿಲನ್ನು ತಟ್ಟುವರು? ಮಾಟ್ಸನ ಹೆತ್ತವರು ಆ ಸುದ್ದಿಯನ್ನು ಬರೆಯದೆ ಇದ್ದಿದ್ದರೆ ಅವನ ಗೆಳೆಯರಿಗೆ ಇಬೆಲಿನ್ ಒಂದು ದಿನ ಸುಮ್ಮನೆ ಕಾಣದೆಹೋದವನಾಗುತ್ತಿದ್ದನು. ಆದಕಾರಣ ಈಗ ನಮ್ಮ ಹುಡುಗಿಯರಿಗೆ ನಾನು ಹೇಳುವದಿಷ್ಟೆ: ಅಲ್ಲಿ ನಿಮಗೆ ಗೆಳತಿಯರಿದ್ದರೆ ಅವರ ಹೆಸರುಗಳನ್ನು ಮನೆಯಲ್ಲಿ ತಾಯಿಗೆ ತಿಳಿಸಿರಿ.

ಕಳೆದ ತಿಂಗಳು ಆ ಬಾಲಿಕೆಯನ್ನು ನನ್ನ ಕೊಠಡಿಗೆ ಕರೆಯಿಸಿ, “ನಿನ್ನ ಗೆಳತಿ ಹೇಗಿದ್ದಾಳಮ್ಮ?” ಎಂದು ಕೇಳಿದೆನು. ಅವಳು ತಲೆತಗ್ಗಿಸಿದಳು. ಆ ಹೆಸರು ಕಾಣಿಸದೆ ಬಹಳ ದಿನಗಳಾದವಂತೆ, ವಿಚಾರಿಸಲು ವಿಳಾಸವಿಲ್ಲ. ಆದರೂ ಪ್ರತಿ ಶನಿವಾರ ಸಾಯಂಕಾಲ ಅವಳು ಒಳಹೊಕ್ಕು, ಇಬ್ಬರೂ ಕೂಡುತ್ತಿದ್ದ ಸ್ಥಳದಲ್ಲಿ ಸ್ವಲ್ಪ ಹೊತ್ತು ನಿಂತು ಬರುತ್ತಾಳಂತೆ. ಆ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಡಲು ಹೇಳಿದೆನು. ಮರುದಿನ ಬೆಳಿಗ್ಗೆ ಪ್ರಾರ್ಥನಾಕೂಟದಲ್ಲಿ ಅದನ್ನು ಓದಿದೆನು.